ದಿವಾಳಿ ಅರ್ಜಿಗೆ ಮುಂಚೆ: ಅಮೆರಿಕದ ಕನ್ನಡಿಗರು ಮಾಡಬೇಕಾದ್ದು, ಮಾಡಬಾರದ್ದು

ನಮ್ಮ ಊರುಗಳಲ್ಲಿ ಪಾಪರ್ ಚೀಟಿ ತೆಗೆದುಕೊಂಡವರು ತಲೆ ಎತ್ತಿ ಓಡಾಡುವುದು ಕಷ್ಟವಿತ್ತು. ಆ ಅಳುಕನ್ನು ಗಂಟುಕಟ್ಟಿಕೊಂಡು ಅಮೆರಿಕಕ್ಕೆ ಬಂದ ನಮ್ಮವರು, ಕೆಲಸ ಹೋಗಿ ಕ್ರೆಡಿಟ್ ಕಾರ್ಡಿನ ಬಡ್ಡಿ ಕುತ್ತಿಗೆಗೆ ಬಂದರೂ ವಕೀಲರ ಬಾಗಿಲು ತಟ್ಟುವುದಿಲ್ಲ. ತಟ್ಟುವ ಹೊತ್ತಿಗೆ ಉಳಿಸಿಕೊಳ್ಳಬಹುದಾಗಿದ್ದನ್ನೂ ಕಳೆದುಕೊಂಡಿರುತ್ತಾರೆ. ಈ ದೇಶದಲ್ಲಿ ದಿವಾಳಿ ಅರ್ಜಿ ಕಾನೂನೇ ಕೊಟ್ಟಿರುವ ದಾರಿ. ಅದಕ್ಕೆ ಪೌರತ್ವವೂ ಬೇಕಿಲ್ಲ. ಇಲ್ಲಿ ವಾಸವಾಗಿದ್ದರೆ ಸಾಕು. ನಾಚಿಕೆಯನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಓದಿ.

ಮಾಡಬೇಕಾದ್ದು

ನೀವಿರುವ ರಾಜ್ಯದಲ್ಲಿ ದಿವಾಳಿ ಪ್ರಕರಣಗಳನ್ನೇ ನಡೆಸುವ ವಕೀಲರನ್ನು ಹಿಡಿಯಿರಿ. ವೀಸಾ ಕೆಲಸ ಮಾಡಿಕೊಟ್ಟವರು, ಮನೆ ಕೊಳ್ಳುವಾಗ ಕಾಗದ ನೋಡಿದವರು ಎಷ್ಟೇ ಒಳ್ಳೆಯವರಾದರೂ ಈ ಕೆಲಸಕ್ಕೆ ಬೇಡ. ದಿವಾಳಿ ಕಾನೂನು ಫೆಡರಲ್ ಆದರೂ ಯಾವ ಆಸ್ತಿ ನಿಮ್ಮ ಕೈಯಲ್ಲೇ ಉಳಿಯುತ್ತದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಾಸದ ಮನೆಗೆ ಟೆಕ್ಸಸ್ ಕೊಡುವಷ್ಟು ರಕ್ಷಣೆ ನ್ಯೂಜೆರ್ಸಿಯಲ್ಲಿ ಇಲ್ಲ. ವಕೀಲರ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಅವರ ಮೇಲೆ ಶಿಸ್ತುಕ್ರಮ ಆಗಿದೆಯೇ ಎಂದು ಆ ರಾಜ್ಯದ ಬಾರ್ ದಾಖಲೆಯಲ್ಲಿ ನೋಡಿ. ಕನಿಷ್ಠ ಇಬ್ಬರ ಜೊತೆ ಮಾತಾಡಿ ತೀರ್ಮಾನಿಸಿ; ಮೊದಲ ಭೇಟಿಗೆ ಅನೇಕರು ಹಣ ತೆಗೆದುಕೊಳ್ಳುವುದಿಲ್ಲ.

ಒಟ್ಟು ಖರ್ಚನ್ನು ಬಿಡಿಬಿಡಿಯಾಗಿ ಕೇಳಿ. ಕೋರ್ಟಿನ ಶುಲ್ಕ ಚಾಪ್ಟರ್ 7ಕ್ಕೆ (ರಕ್ಷಣೆಯಿಲ್ಲದ ಆಸ್ತಿ ಬಿಟ್ಟುಕೊಟ್ಟು ಸಾಲ ಅಳಿಸಿಕೊಳ್ಳುವ ದಾರಿ) 338 ಡಾಲರ್, ಚಾಪ್ಟರ್ 13ಕ್ಕೆ (ಕಂತುಗಳಲ್ಲಿ ಮರುಪಾವತಿಸುವ ದಾರಿ) 313 ಡಾಲರ್. ಅರ್ಜಿಗೆ ಮುಂಚಿನ 180 ದಿನಗಳೊಳಗೆ ಸರ್ಕಾರ ಒಪ್ಪಿದ ಸಂಸ್ಥೆಯಿಂದ ಸಾಲದ ಬಗ್ಗೆ ಸಲಹೆ ಪಡೆಯಬೇಕು, ಅರ್ಜಿಯ ನಂತರ ಹಣಕಾಸಿನ ಪಾಠವೊಂದನ್ನು ಮುಗಿಸಬೇಕು. ಈ ಎರಡು ಸಾಮಾನ್ಯವಾಗಿ ತಲಾ 50 ಡಾಲರ್ ಒಳಗೇ ಆಗುತ್ತವೆ. ಎರಡನೆಯದನ್ನು ಮರೆತು ಸಾಲಮುಕ್ತಿಯ ಆದೇಶವೇ ಸಿಗದೆ ಪ್ರಕರಣ ಮುಚ್ಚಿಹೋಗುವುದುಂಟು. ಕೋರ್ಟಿನ ಶುಲ್ಕವನ್ನು ಒಮ್ಮೆಗೇ ಕಟ್ಟಲಾಗದಿದ್ದರೆ ನಾಲ್ಕು ಕಂತು ಕೇಳಬಹುದು. ಚಾಪ್ಟರ್ 7ರಲ್ಲಿ, ಆದಾಯ ಫೆಡರಲ್ ಬಡತನದ ಮಿತಿಯ ಒಂದೂವರೆ ಪಟ್ಟಿಗಿಂತ ಕಡಿಮೆಯಿದ್ದು ಕಂತೂ ಕಟ್ಟಲಾಗದಿದ್ದರೆ ಪೂರ್ತಿ ಮನ್ನಾ ಕೇಳಬಹುದು. ಇದನ್ನು ವಕೀಲರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಖರ್ಚಿನಲ್ಲಿ ದೊಡ್ಡ ಪಾಲು ವಕೀಲರ ಫೀಸು. ಚಾಪ್ಟರ್ 7ರಲ್ಲಿ ಅದನ್ನು ಬಹುತೇಕ ಮೊದಲೇ ಕೇಳುತ್ತಾರೆ. ಕಾರಣ ಸರಳ: ಬಾಕಿ ಉಳಿಸಿಕೊಂಡು ಅರ್ಜಿ ಹಾಕಿದರೆ ಆ ಬಾಕಿಯೂ ಉಳಿದ ಸಾಲಗಳ ಜೊತೆಗೇ ಅಳಿಸಿಹೋಗುತ್ತದೆ. ಚಾಪ್ಟರ್ 13ರಲ್ಲಿ ಮೂರರಿಂದ ಐದು ವರ್ಷಗಳ ಮರುಪಾವತಿ ಯೋಜನೆಯ ಮೂಲಕವೇ ಫೀಸಿನ ಒಂದು ಭಾಗ ಕಟ್ಟಬಹುದು. "ಈಗ ಏನೂ ಕೊಡಬೇಡಿ, ಅರ್ಜಿ ಹಾಕಿದ ಮೇಲೆ ಎರಡನೇ ಕರಾರು ಮಾಡಿಕೊಳ್ಳೋಣ" ಎನ್ನುವವರಿದ್ದರೆ ಎರಡೂ ಕರಾರುಗಳ ಮೊತ್ತ ಕೂಡಿ ನೋಡಿ. ಕರಾರು ಬರಹದಲ್ಲೇ ಇರಬೇಕು, ಇದು ಕಾನೂನಿನ ಕಟ್ಟಳೆ. ಒಳಗೊಂಡ ಕೆಲಸವಷ್ಟೇ ಅಲ್ಲ, ಒಳಗೊಳ್ಳದ ಕೆಲಸವನ್ನೂ ಬರೆಸಿಕೊಳ್ಳಿ: ಬಿಟ್ಟುಹೋದ ಸಾಲವನ್ನು ಆಮೇಲೆ ಸೇರಿಸುವುದು, ಕಾರಿನ ಸಾಲ ಮುಂದುವರಿಸುವ ಒಪ್ಪಂದ, ಸಾಲ ಕೊಟ್ಟವರು ದಾವೆ ಹೂಡಿದರೆ ಎದುರಿಸುವುದು. ವಕೀಲರು ನಿಮ್ಮಿಂದ ಎಷ್ಟು ತೆಗೆದುಕೊಂಡರು ಎಂದು ಕೋರ್ಟಿಗೆ ತಿಳಿಸಲೇಬೇಕು. ಅತಿಯಾಯಿತು ಅನ್ನಿಸಿದರೆ ನ್ಯಾಯಾಧೀಶರು ವಾಪಸು ಕೊಡಿಸಬಲ್ಲರು. ಫೀಸು ಕೇಳಲು ಸಂಕೋಚ ಬೇಡವೇ ಬೇಡ.

ಊರಿನ ಆಸ್ತಿಯನ್ನೂ ಹೇಳಿ. ನಮ್ಮವರು ಅತಿ ಹೆಚ್ಚು ಎಡವುವುದು ಇಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. "ಅದು ಇಂಡಿಯಾದಲ್ಲಿದೆ, ಇವರಿಗೇನು ಗೊತ್ತಾಗುತ್ತದೆ" ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಆಸ್ತಿ ಎಲ್ಲೇ ಇರಲಿ, ಯಾರ ಕೈಯಲ್ಲೇ ಇರಲಿ, ಲೆಕ್ಕಕ್ಕೆ ಬರುತ್ತದೆ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಮೈಸೂರಿನ ಸೈಟು, ಅಮ್ಮನ ಜೊತೆಗಿನ ಜಂಟಿ ಖಾತೆ, ಎನ್‌ಆರ್‌ಇ ಠೇವಣಿ, ಎಲ್‌ಐಸಿ ಪಾಲಿಸಿ, ತವರಿನ ಲಾಕರಿನಲ್ಲಿರುವ ಒಡವೆ, ಪಾಲಾಗದ ಪಿತ್ರಾರ್ಜಿತ ಜಮೀನಿನ ಹಕ್ಕು, ಎಲ್ಲವನ್ನೂ ವಕೀಲರ ಮುಂದಿಡಿ. ಭಾರತದ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಇರುವುದರಿಂದ, "ನನಗೇನೂ ಇಲ್ಲ, ಎಲ್ಲ ಅಣ್ಣಂದಿರದು" ಎಂದುಕೊಂಡಿರುವ ಅಕ್ಕತಂಗಿಯರೂ ಯೋಚಿಸಿ ಉತ್ತರಿಸಬೇಕು. ಅರ್ಜಿ ಹಾಕಿದ 180 ದಿನಗಳೊಳಗೆ ಹೆತ್ತವರು ತೀರಿಕೊಂಡು ನಿಮಗೆ ಆಸ್ತಿ ಬಂದರೆ ಅದನ್ನೂ ತಿಳಿಸಬೇಕು. ದುಃಖದ ನಡುವೆ ಇದು ಯಾರಿಗೂ ನೆನಪಾಗುವುದಿಲ್ಲ, ಆದ್ದರಿಂದ ಈಗಲೇ ಬರೆದಿಟ್ಟುಕೊಳ್ಳಿ. ಹೇಳಿದ ಮಾತ್ರಕ್ಕೆ ಎಲ್ಲವೂ ಹೋಗುವುದಿಲ್ಲ, ಉಳಿಸುವ ದಾರಿಯನ್ನು ವಕೀಲರು ಹುಡುಕಬಲ್ಲರು. ಮುಚ್ಚಿಟ್ಟಿದ್ದನ್ನು ಉಳಿಸಲು ಅವರಿಂದಲೂ ಆಗದು. ಬೇಕೆಂದೇ ಮುಚ್ಚಿಟ್ಟರೆ ಐದು ವರ್ಷಗಳವರೆಗೆ ಜೈಲು ಶಿಕ್ಷೆ ಆಗಬಹುದು. ಊರಿನ ಬ್ಯಾಂಕಿನ ಸಾಲ, ಕೈಗಡ ಇದ್ದರೆ ಅವೂ ಪಟ್ಟಿಯಲ್ಲಿರಲಿ.

ಮಾಡಬಾರದ್ದು

ಅರ್ಜಿಗೆ ಮುಂಚೆ ತಮ್ಮನ ಹೆಸರಿಗೆ ದಾನಪತ್ರವನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ಬರೆದುಕೊಡಬೇಡಿ. ಹಿಂದಿನ ಎರಡು ವರ್ಷಗಳ ಇಂಥ ವರ್ಗಾವಣೆಗಳನ್ನು ಟ್ರಸ್ಟಿ, ಅಂದರೆ ನಿಮ್ಮ ಪ್ರಕರಣ ನೋಡಿಕೊಳ್ಳಲು ನೇಮಕವಾದವರು, ಪ್ರಶ್ನಿಸಬಹುದು. ಒಂದು ವರ್ಷದೊಳಗೆ ಸಾಲ ಕೊಟ್ಟವರ ಕಣ್ಣು ತಪ್ಪಿಸಲೆಂದೇ ಮಾಡಿದ್ದಾದರೆ ನಿಮಗೆ ಸಾಲಮುಕ್ತಿಯೇ ಸಿಗದೆ ಹೋದೀತು.

ಭಾವಮೈದುನನ ಸಾಲವನ್ನು ಮೊದಲು ತೀರಿಸಿಬಿಡೋಣ ಎಂದು ಹೊರಡಬೇಡಿ. ನೆಂಟರ ಋಣ ಮೊದಲು ಎಂಬ ನಮ್ಮ ಸಂಸ್ಕಾರ ದೊಡ್ಡದೇ ಸರಿ. ಆದರೆ ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಹತ್ತಿರದ ಸಂಬಂಧಿಕರಿಗೆ ತೀರಿಸಿದ ಸಾಲವನ್ನು ಟ್ರಸ್ಟಿ ಅವರಿಂದಲೇ ವಸೂಲು ಮಾಡಬಹುದು. ನಿಮ್ಮ ಕಷ್ಟಕ್ಕೆ ಕೈಹಿಡಿದವರ ಮನೆಗೇ ನೋಟಿಸು ಹೋಗುತ್ತದೆ.

ಕಾರ್ಡಿನ ಸಾಲ ತೀರಿಸಲೆಂದಾಗಲಿ ವಕೀಲರಿಗೆ ಕೊಡಲೆಂದಾಗಲಿ 401(ಕೆ) ನಿವೃತ್ತಿ ಖಾತೆಗೆ ಕೈ ಹಾಕಬೇಡಿ. ಆ ಹಣಕ್ಕೆ ದಿವಾಳಿಯಲ್ಲಿ ಬಲವಾದ ರಕ್ಷಣೆಯಿದೆ. ನಿಗದಿತ ವಯಸ್ಸಿಗೆ ಮುಂಚೆ ತೆಗೆದರೆ ತೆರಿಗೆ, ಅದರ ಮೇಲೆ ಸಾಮಾನ್ಯವಾಗಿ ಶೇಕಡಾ 10 ದಂಡ. ರಕ್ಷಣೆಯೂ ಹೋಯಿತು, ಹಣವೂ ಹೋಯಿತು. ಫೀಸಿಗಾಗಿ ಹೊಸ ಸಾಲ ಮಾಡಿ ಎನ್ನುವ ವಕೀಲರಿಂದ ಎದ್ದು ಬನ್ನಿ. ಹಾಗೆ ಸಲಹೆ ಕೊಡುವುದನ್ನು ಕಾನೂನು ನಿಷೇಧಿಸಿದೆ.

ಅರ್ಜಿ ತುಂಬಿಕೊಡುವ ಅಗ್ಗದ ಸೇವೆಯವರನ್ನು ವಕೀಲರೆಂದು ತಿಳಿಯಬೇಡಿ. ಅವರು ನೀವು ಹೇಳಿದ್ದನ್ನು ಟೈಪು ಮಾಡಬಹುದಷ್ಟೆ, ಕಾನೂನು ಸಲಹೆ ಕೊಡುವಂತಿಲ್ಲ. ಫೋನಿನಲ್ಲಿ ಬಂದು "ಸಾಲ ಅರ್ಧ ಮಾಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ" ಎನ್ನುವ ಕಂಪನಿಗಳಿಗೆ ಒಂದು ಡಾಲರನ್ನೂ ಕೊಡಬೇಡಿ. ಸಾಲ ಇತ್ಯರ್ಥವಾಗುವ ಮುಂಚೆ ಅವು ಶುಲ್ಕ ವಸೂಲು ಮಾಡದಂತೆ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲೇ ನಿಯಮ ತಂದಿದೆ.

ಎಲ್ಲ ಸಾಲವೂ ಅಳಿಯುತ್ತದೆಂದು ನಂಬಬೇಡಿ. ಮಕ್ಕಳ ಜೀವನಾಂಶ, ಇತ್ತೀಚಿನ ಆದಾಯ ತೆರಿಗೆ, ಬಹುಪಾಲು ವಿದ್ಯಾರ್ಥಿ ಸಾಲಗಳು ಉಳಿಯುತ್ತವೆ. ನಿಮ್ಮ ಸಾಲದಲ್ಲಿ ಹೆಚ್ಚಿನದು ಇಂಥದ್ದೇ ಆಗಿದ್ದರೆ ಫೀಸು ಕಟ್ಟುವ ಮುಂಚೆಯೇ ವಕೀಲರಿಂದ ನೇರ ಉತ್ತರ ಪಡೆಯಿರಿ.

ಕೊನೆಯದಾಗಿ, ಮನೆ ಹರಾಜಿನ ದಿನಾಂಕವೋ ಸಂಬಳ ಹಿಡಿಯುವ ಆದೇಶವೋ ಕೈಗೆ ಬಂದಿದ್ದರೆ ನಾಳೆಗೆ ತಳ್ಳಬೇಡಿ. ವಸೂಲಿಗೆ ತಡೆ ಬೀಳುವುದು ಅರ್ಜಿ ದಾಖಲಾದ ಕ್ಷಣದಿಂದ. ವಕೀಲರನ್ನು ನೇಮಿಸಿಕೊಂಡ ದಿನದಿಂದಲ್ಲ, ಹಣ ಹೊಂದಿಸತೊಡಗಿದ ದಿನದಿಂದಲೂ ಅಲ್ಲ. ಹರಾಜು ಮುಗಿದ ಮೇಲೆ ಹಾಕಿದ ಅರ್ಜಿಯಿಂದ ಮನೆ ಸಾಮಾನ್ಯವಾಗಿ ವಾಪಸು ಬರುವುದಿಲ್ಲ.