ಟಿಕೆಟ್ ಮೊದಲು, ಕೊಬ್ಬರಿ ಆಮೇಲೆ

2024ರ ಜನವರಿಯಲ್ಲಿ ನಾವು ತಿಪಟೂರಿನ ಮಂಡಿಗೆ 20 ಕ್ವಿಂಟಲ್ ಉಂಡೆ ಕೊಬ್ಬರಿ ಹಾಕಿದೆವು. ಕ್ವಿಂಟಲ್‌ಗೆ 9,200 ರೂಪಾಯಿ ಸಿಕ್ಕಿತು. ಮನೆಯಲ್ಲಿ ಮದುವೆ ಇರಲಿಲ್ಲ, ಆಸ್ಪತ್ರೆಯ ಖರ್ಚು ಇರಲಿಲ್ಲ, ಬೋರ್‌ವೆಲ್ ಕೊರೆಸುವುದೂ ಇರಲಿಲ್ಲ. ಜೂನ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ಗೆ ಹೋಗಿಬರುವ ವಿಮಾನದ ಟಿಕೆಟ್ ಮೇಲಿನ ರಿಯಾಯಿತಿ ಆ ವಾರ ಮುಗಿಯುವುದಿತ್ತು. ಅದಕ್ಕಾಗಿ ಅಟ್ಟದ ಕಾಯಿ ಇಳಿಸಿದೆವು.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳು. ಜ್ಯೂರಿಕ್‌ನ ಚರ್ಚಿಗೆ ಕಲಾವಿದ ಮಾರ್ಕ್ ಶಗಾಲ್ ಮಾಡಿದ ಗಾಜಿನ ಕಿಟಕಿಗಳನ್ನು ಪುಸ್ತಕದ ಮಸುಕು ಫೋಟೋಗಳಲ್ಲಿ ಮಕ್ಕಳಿಗೆ ತೋರಿಸುತ್ತಲೇ ನಿವೃತ್ತಳಾದೆ. ನಮ್ಮ ಯಜಮಾನರು ತುರುವೇಕೆರೆ ಕಡೆಯ ತೋಟ ಬಿಟ್ಟು ಎರಡು ದಿನಕ್ಕಿಂತ ಹೆಚ್ಚು ಎಲ್ಲೂ ಉಳಿದವರಲ್ಲ. ಅವರೇ ‘ಹೋಗಿ ಬರೋಣ, ಇನ್ಯಾವಾಗ?’ ಎಂದದ್ದು. ಹೋಗಿದ್ದಕ್ಕೆ ನಮಗಿಬ್ಬರಿಗೂ ಬೇಸರವಿಲ್ಲ. ಆದರೆ ಈಗ ಕೊಬ್ಬರಿಯ ಬೆಲೆ ಏರಿದ ಮೇಲೆ ಚಿಕ್ಕನಾಯಕನಹಳ್ಳಿಯಿಂದ ನೊಣವಿನಕೆರೆಯವರೆಗೆ ಪರಿಚಯದವರೆಲ್ಲ ಯುರೋಪಿನ ಮಾತಾಡುತ್ತಿದ್ದಾರೆ, ‘ಎಷ್ಟಾಯ್ತು ಟೀಚರ್?’ ಎಂದು ಕೇಳುತ್ತಿದ್ದಾರೆ. ಎಷ್ಟಾಯಿತು ಎಂಬುದಕ್ಕಿಂತ ಎಲ್ಲಿ ಹೋಯಿತು ಎಂಬುದನ್ನು ಹೇಳುತ್ತೇನೆ.

ಮೊದಲು ಒಟ್ಟು ಮೊತ್ತ. ಇಬ್ಬರ ವಿಮಾನ 1,24,000. ವೀಸಾ, ವಿಮೆ ಸೇರಿ 22,000. ಅಲ್ಲಿನ ಒಂದು ವಾರಕ್ಕೆ ರೂಮು, ಊಟ, ಓಡಾಟ, ಟಿಕೆಟ್, ಕೊಂಡ ಸಾಮಾನು ಎಲ್ಲ ಸೇರಿ 2,400 ಫ್ರಾಂಕ್. ನಮಗೆ ಫ್ರಾಂಕ್ 96 ರೂಪಾಯಿಗೆ ಬಿತ್ತು, ಹಾಗಾಗಿ 2,30,400. ಕೂಡಿದರೆ 3,76,400. ಇದರಲ್ಲಿ ಜನವರಿಯಲ್ಲೇ ಕಟ್ಟಬೇಕಾದದ್ದು ವಿಮಾನದ ದುಡ್ಡು ಮತ್ತು ರೂಮಿನ ಮುಂಗಡ. ಅದಕ್ಕೇ ಆ 20 ಕ್ವಿಂಟಲ್. ಬಂದದ್ದು 1,84,000.

ಈಗ ನಿಧಾನವಾಗಿ ಓದಿ. 2023ರ ಡಿಸೆಂಬರ್ ಕೊನೆಯಲ್ಲೇ ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,000 ಎಂದು ಹೇಳಿತ್ತು. ರಾಜ್ಯ ಸರ್ಕಾರ ಅದರ ಮೇಲೆ 1,500 ಸೇರಿಸಿತು. ಅಂದರೆ ನಾಫೆಡ್ ಖರೀದಿ ಕೇಂದ್ರಕ್ಕೆ ಕೊಟ್ಟವರಿಗೆ ಕ್ವಿಂಟಲ್‌ಗೆ 13,500. ನೋಂದಣಿಗೆ ಸರದಿ ಇತ್ತು, ಗೊಂದಲ ಇತ್ತು, ದುಡ್ಡು ಖಾತೆಗೆ ಬರುವುದು ತಡವಾಯಿತು. ಆದರೂ ಕಾದವರಿಗೆ ಸಿಕ್ಕಿತು. ಪಹಣಿ ಇಬ್ಬರ ಹೆಸರಲ್ಲೂ ಇರುವುದರಿಂದ ಒಬ್ಬರಿಂದ ಇಷ್ಟೇ ಕೊಳ್ಳುತ್ತೇವೆಂಬ ಮಿತಿಯ ತೊಡಕೂ ನಮಗಿರಲಿಲ್ಲ. 13,500ರಲ್ಲಿ 9,200 ಕಳೆದರೆ 4,300. ಇಪ್ಪತ್ತರಿಂದ ಗುಣಿಸಿದರೆ 86,000.

ಕಾದರೆ ನಷ್ಟವೇ ಇಲ್ಲವೇ ಎಂದು ಬೆಳೆಗಾರರು ಕೇಳುತ್ತಾರೆ, ಕೇಳಬೇಕು. ಸುಲಿಯದೆ, ಚಿಪ್ಪು ಒಡೆಯದೆ ಅಟ್ಟದಲ್ಲೇ ಬಿಟ್ಟ ಕಾಯಿ ತಿಂಗಳುಗಟ್ಟಲೆ ನಿಲ್ಲುತ್ತದೆ, ನಿಜ. ಆದರೆ ಒಂದಿಷ್ಟು ಕೆಟ್ಟು ಕೌಟು ಆಗುತ್ತದೆ. ಅರ್ಧ ಕ್ವಿಂಟಲ್ ಕೌಟಾಯಿತು, ಅದಕ್ಕೆ ಒಂದು ಕಾಸೂ ಬರಲಿಲ್ಲ ಎಂದೇ ಹಿಡಿಯೋಣ. 6,750 ಹೋಯಿತು. ಉಳಿದದ್ದು 79,250. ಇನ್ನು ಟಿಕೆಟ್ಟಿನ ರಿಯಾಯಿತಿ. ಒಬ್ಬರಿಗೆ 11,000, ಇಬ್ಬರಿಗೆ 22,000 ಉಳಿಯಿತು. ಅದನ್ನೂ ಕಳೆಯಿರಿ. 57,250 ರೂಪಾಯಿ. ಫ್ರಾಂಕ್ ಲೆಕ್ಕದಲ್ಲಿ ಸುಮಾರು 596. ನಾವು ಉಳಿದ ರೂಮಿಗೆ ರಾತ್ರಿಗೆ 170 ಫ್ರಾಂಕ್. ಮೂರೂವರೆ ರಾತ್ರಿಯ ಬಾಡಿಗೆ. ಜಗತ್ತಿನ ಅತಿ ದುಬಾರಿ ಊರುಗಳಲ್ಲಿ ಒಂದೆಂದು ಜನ ಹೆದರುವ ಜ್ಯೂರಿಕ್‌ನಲ್ಲಿ ಮೂರೂವರೆ ರಾತ್ರಿ ಕಳೆಯುವಷ್ಟು ಹಣವನ್ನು ನಾವು ತಿಪಟೂರು ಬಿಡುವ ಮೊದಲೇ ಖರ್ಚು ಮಾಡಿದ್ದೆವು, ಯಾವ ರಸೀತಿಯಲ್ಲೂ ಅದು ಕಾಣುವುದಿಲ್ಲ.

2025ರ ಮಧ್ಯದಲ್ಲಿ ಬೆಲೆ 20 ಸಾವಿರ ದಾಟಿತಲ್ಲ, ಅದನ್ನೇಕೆ ಲೆಕ್ಕಕ್ಕೆ ಹಿಡಿದಿಲ್ಲ ಎನ್ನಬಹುದು. ಅದನ್ನು ಹಿಡಿಯುವುದು ಸರಿಯಲ್ಲ. 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗಲೂ ಮಂಡಿಯಲ್ಲಿ ಅದಕ್ಕಿಂತ ತೀರಾ ಕೆಳಗೆ ಮಾರಿದ ನಾವು, ಆಮೇಲೆ ಹೀಗೆ ಏರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮುಂದಿನ ಬೆಲೆ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದ ಬೆಲೆಯನ್ನು ಬಿಟ್ಟದ್ದಕ್ಕೆ ಮಾತ್ರ ಲೆಕ್ಕ ಹಾಕಬೇಕು. ಬೆಂಬಲ ಬೆಲೆ ನಮಗೆ ಗೊತ್ತಿತ್ತು.

ನಮ್ಮ ಕಡೆ ಉಳಿತಾಯ ಇರುವುದೇ ಅಟ್ಟದಲ್ಲಿ. ಸಂಬಳದವರ ಹಾಗೆ ತಿಂಗಳ ಮೊದಲಿಗೆ ಬಂದು ಬೀಳುವ ದುಡ್ಡಲ್ಲ. ಯಾವಾಗ ಇಳಿಸಬೇಕು ಎಂಬ ಸ್ವಾತಂತ್ರ್ಯವೇ ಕೊಬ್ಬರಿ ಬೆಳೆಗಾರನ ಬಂಡವಾಳ. ತಾರೀಖು ಗೊತ್ತುಮಾಡಿಕೊಂಡ ಕ್ಷಣ ಆ ಸ್ವಾತಂತ್ರ್ಯ ಮಾರಿಹೋಗುತ್ತದೆ. ಮಂಡಿಯವರಿಗೆ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ, ಈ ಸಲ ಲಾಟು ವಾಪಸ್ ಒಯ್ಯುವುದಿಲ್ಲ ಅಂತ.

ಚಿನ್ನ ಅಡವಿಟ್ಟಿದ್ದರೆ? 1,84,000ಕ್ಕೆ ಶೇ 9ರಂತೆ ಆರು ತಿಂಗಳಿಗೆ 8,280 ಬಡ್ಡಿ. ಕೊಬ್ಬರಿ ಮಾರಿದ್ದಕ್ಕಿಂತ ಎಷ್ಟೋ ಅಗ್ಗ. ಬಡ್ಡಿಯ ಲೆಕ್ಕ ಸರಿಯೇ. ಆದರೂ ಸುತ್ತಾಟಕ್ಕೆ ಬಳೆ ಅಡವಿಡಿ ಎಂದು ನಾನು ಯಾರಿಗೂ ಹೇಳಲಾರೆ. ಆರು ತಿಂಗಳಿಗೆ ಇಟ್ಟದ್ದು ಎರಡು ವರ್ಷ ಅಲ್ಲೇ ಉಳಿದದ್ದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಸರಿಯಾದ ದಾರಿ ಪ್ರವಾಸವನ್ನು ಒಂದು ವರ್ಷ ಮುಂದಕ್ಕೆ ಹಾಕುವುದಾಗಿತ್ತು. ಶಗಾಲ್‌ನ ಕಿಟಕಿಗಳು 1970ರಿಂದ ಅಲ್ಲೇ ಇವೆ.

ಈಗ ಆ ಊರಿನ ಮಾತು. ಅಲ್ಲಿ ದುಡ್ಡು ಕಳೆದುಕೊಳ್ಳುವುದು ಅಂದುಕೊಂಡಷ್ಟು ಸುಲಭವಲ್ಲ, ಗಮನವಿದ್ದರೆ. ಫ್ರೌಮ್ಯುನ್‌ಸ್ಟರ್ ಚರ್ಚಿಗೆ ಪ್ರವೇಶ 5 ಫ್ರಾಂಕ್. ಶಗಾಲ್‌ನ ಐದು ಉದ್ದನೆಯ ಕಿಟಕಿಗಳು, ಅವುಗಳ ಜೊತೆಗೆ 1978ರಲ್ಲಿ ಸೇರಿದ ದುಂಡು ಕಿಟಕಿ. ಬೆಳಿಗ್ಗೆಯ ಬಿಸಿಲು ನೀಲಿ ಗಾಜಿನಲ್ಲಿ ಇಳಿಯುವುದನ್ನು ನೋಡುತ್ತ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಎನ್ನಲಿಲ್ಲ. ಕುನ್ಸ್ಟ್‌ಹೌಸ್ ಕಲಾಸಂಗ್ರಹಾಲಯದ ಕಾಯಂ ಸಂಗ್ರಹಕ್ಕೆ ಬುಧವಾರ ಟಿಕೆಟ್ ಇರಲಿಲ್ಲ, ಶಿಲ್ಪಿ ಜಿಯಾಕೊಮೆಟ್ಟಿಯ ಕಡ್ಡಿಯಂಥ ಮನುಷ್ಯರನ್ನು ಪುಕ್ಕಟೆ ನೋಡಿದೆವು. ಊರಿನ ತುಂಬ ಸುಮಾರು 1,200 ಕಾರಂಜಿಗಳಿವೆ, ಅವುಗಳ ನೀರು ಕುಡಿಯಲು ಯೋಗ್ಯ. ಬಾಟಲಿ ನೀರಿಗೆ ನಾವು ಒಂದು ಫ್ರಾಂಕೂ ಕೊಡಲಿಲ್ಲ. ಜ್ಯೂರಿಕ್ ಕಾರ್ಡ್ ಕೊಂಡರೆ ಟ್ರಾಮು, ರೈಲು, ಸರೋವರದ ಚಿಕ್ಕ ಸುತ್ತಿನ ದೋಣಿ ಎಲ್ಲ ಅದರಲ್ಲೇ ಬರುತ್ತದೆ.

ರೀಟ್‌ಬರ್ಗ್ ಸಂಗ್ರಹಾಲಯದಲ್ಲಿ ಚೋಳರ ಕಾಲದ ಕಂಚಿನ ನಟರಾಜನಿದ್ದಾನೆ. ಅವನ ಮುಂದೆ ನಿಂತಾಗ ಯಜಮಾನರು ‘ನಮ್ಮ ಅರಳುಗುಪ್ಪೆಯ ಚಾವಣಿಯಲ್ಲಿ ಇರೋನು ಇವನಿಗೇನು ಕಮ್ಮಿ?’ ಅಂದರು. ಕಮ್ಮಿಯಿಲ್ಲ. ತಿಪಟೂರು ತಾಲ್ಲೂಕಿನ ಕಲ್ಲೇಶ್ವರ ಗುಡಿಯ ಆ ಶಿವ, ಸುತ್ತ ದಿಕ್ಪಾಲಕರನ್ನು ಇಟ್ಟುಕೊಂಡು, ಕತ್ತು ನೋಯುವವರೆಗೆ ನೋಡುವಂಥವನು. ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದದ್ದು ಬಸ್ಸಿನ ಚಾರ್ಜಿನಲ್ಲಿ. ಜ್ಯೂರಿಕ್‌ಗೆ ಹೋಗುವ ಮೊದಲು ಅದನ್ನು ನೋಡಿಕೊಂಡು ಹೋಗಿ. ಅಲ್ಲಿ ನೋಡುವ ಕಣ್ಣು ಬೇರೆಯಾಗುತ್ತದೆ.

ರಾತ್ರಿಯ ಜೀವನವೆಂದರೆ ಲಾಂಗ್‌ಸ್ಟ್ರಾಸೆಯ ಬಾರುಗಳು, ಬೆಳಗಿನ ಜಾವದವರೆಗಿನ ಕುಣಿತ ಎಂದು ನಮ್ಮ ಮಗಳು ಹೇಳಿ ಕಳಿಸಿದ್ದಳು. ಆ ಬೀದಿಯಲ್ಲಿ ನಡೆದು ಬಂದೆವು ಅಷ್ಟೇ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಒಂಬತ್ತು ದಾಟಿರುತ್ತದೆ. ಊರಿಗೆ ಊರೇ ಸರೋವರದ ದಂಡೆಗೆ ಬಂದು ಕಾಲು ಇಳಿಬಿಟ್ಟು ಕೂತಿರುತ್ತದೆ. ಲಿಮ್ಮತ್ ನದಿಯ ಮೇಲೆ ಹೆಂಗಸರಿಗಾಗಿಯೇ 1888ರಲ್ಲಿ ಕಟ್ಟಿದ ಮರದ ಸ್ನಾನಘಟ್ಟವೊಂದಿದೆ. ಬೇಸಿಗೆಯ ಸಂಜೆಗಳಲ್ಲಿ ಅದೇ ಬರಿಗಾಲಿನ ಬಾರ್ ಆಗುತ್ತದೆ, ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ನಿಂಬೆ ಪಾನಕದಂಥದ್ದನ್ನು ಹಿಡಿದು, ನೀರಿನ ಮೇಲಿನ ಹಲಗೆಯ ಮೇಲೆ ಬರಿಗಾಲಲ್ಲಿ ಕೂತ ಆ ಸಂಜೆಗೆ ಎಷ್ಟು ಕೊಟ್ಟೆವೋ ಅದಕ್ಕೆ ಎರಡರಷ್ಟು ಕೇಳಿದ್ದರೂ ಕೊಡುತ್ತಿದ್ದೆ.

ಕೊಳ್ಳುವ ವಿಷಯಕ್ಕೆ ಬಾನ್‌ಹೋಫ್‌ಸ್ಟ್ರಾಸೆ. ರೈಲು ನಿಲ್ದಾಣದಿಂದ ಸರೋವರದವರೆಗೆ ಒಂದೇ ಬೀದಿ, ವಾಚು, ಒಡವೆ, ಚಾಕೊಲೇಟು. ಭಾನುವಾರ ಹೋದರೆ ನಿಲ್ದಾಣದೊಳಗಿನ ಅಂಗಡಿ ಬಿಟ್ಟು ಉಳಿದೆಲ್ಲ ಮುಚ್ಚಿರುತ್ತದೆ. ಮೈದುನ ಒಂದು ವಾಚು ತರಹೇಳಿದ್ದ, 1,450 ಫ್ರಾಂಕ್. ‘ಅಲ್ಲಿ ಟ್ಯಾಕ್ಸ್ ವಾಪಸ್ ಕೊಡ್ತಾರಂತೆ ಅತ್ತಿಗೆ, ಅಗ್ಗ ಆಗುತ್ತೆ’ ಎಂದಿದ್ದ. ಒಂದೇ ಬಿಲ್ಲು 300 ಫ್ರಾಂಕ್ ಮುಟ್ಟಿದರೆ ಶೇ 8.1ರ ವ್ಯಾಟ್ ಮರಳುತ್ತದೆ, ನಡುವಿನವರ ಕಮಿಷನ್ ಕಳೆದು. ಹೆಚ್ಚೆಂದರೆ 108 ಫ್ರಾಂಕ್, ಹತ್ತು ಸಾವಿರ ರೂಪಾಯಿ ಚಿಲ್ಲರೆ. ಆದರೆ ಬೆಂಗಳೂರಿನಲ್ಲಿ ಇಳಿದಾಗ ಆಗಿನ ನಿಯಮದಂತೆ 50,000ಕ್ಕೆ ಮೇಲ್ಪಟ್ಟದ್ದಕ್ಕೆ ಶೇ 38.5 ಸುಂಕ. 1,39,200ರ ವಾಚಿಗೆ 34 ಸಾವಿರಕ್ಕೂ ಹೆಚ್ಚು. ತರಲಿಲ್ಲ. ಕೈಗೆ ಕಟ್ಟಿಕೊಂಡು ಸುಮ್ಮನೆ ಬಂದುಬಿಡಿ ಎಂದು ಹೇಳಿಕೊಡುವವರಿದ್ದಾರೆ, ಅವರ ಮಾತು ಕೇಳಬೇಡಿ.

ಕಾರ್ಡಿನ ಯಂತ್ರ ‘ಫ್ರಾಂಕೋ, ರೂಪಾಯಿಯೋ’ ಎಂದು ಕೇಳಿದರೆ ಪ್ರತಿ ಸಲವೂ ಫ್ರಾಂಕ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರದ್ದು. ಎಷ್ಟೋ ಕ್ರೆಡಿಟ್ ಕಾರ್ಡುಗಳಲ್ಲಿ ಶೇ 3.5 ಮಾರ್ಕಪ್, ಅದಕ್ಕೆ ಜಿಎಸ್‌ಟಿ, ಒಟ್ಟು 4.13. ಫಾರೆಕ್ಸ್ ಕಾರ್ಡ್ ಒಯ್ಯಿರಿ. ಇಷ್ಟು ಸಾಕು.

ಪ್ಯಾಕೇಜಿನ ಬಗ್ಗೆ ಕೇಳುವವರಿಗೆ: ನಮ್ಮವರಿಗೆ ಮಾರುವ ಹೆಚ್ಚಿನ ಸ್ವಿಸ್ ಪ್ಯಾಕೇಜುಗಳಲ್ಲಿ ಜ್ಯೂರಿಕ್ ಎಂದರೆ ವಿಮಾನ ಇಳಿಯುವ ಜಾಗ. ಬಸ್ಸು ಫೋಟೋಗೆ ಒಮ್ಮೆ ನಿಂತು ಇಂಟರ್‌ಲಾಕೆನ್, ಟಿಟ್ಲಿಸ್ ಕಡೆ ಓಡುತ್ತದೆ. ಅದರ ಮೇಲೆ ಟಿಸಿಎಸ್ ಎಂಬ ತೆರಿಗೆ. ನಾವು ಹೋದಾಗ 7 ಲಕ್ಷದವರೆಗೆ ಶೇ 5 ಇತ್ತು, ದರ ಬದಲಾಗುತ್ತಿರುತ್ತದೆ. 5,60,000ದ ಪ್ಯಾಕೇಜಿಗೆ 28,000. ಕೃಷಿ ಆದಾಯ ಬಿಟ್ಟು ಬೇರೇನೂ ಇಲ್ಲದವರು ಅದನ್ನು ವಾಪಸ್ ಪಡೆಯಬಹುದು, ಆದರೆ ರಿಟರ್ನ್ಸ್ ಹಾಕಬೇಕು, ಅದೂ ಐಟಿಆರ್-1ರಲ್ಲಿ ಆಗುವುದಿಲ್ಲ. ನಮ್ಮಲ್ಲಿ ಎಷ್ಟು ಜನ ಹಾಕುತ್ತಾರೆ?

ಪ್ಯಾಕೇಜನ್ನಾದರೂ ಸಹಿಸಿಕೊಳ್ಳಬಹುದು. ಅದರ ಹಿಂದೆಯೇ ಬರುವ ‘ಈಗ ಹೋಗಿ, ಆಮೇಲೆ ಕಟ್ಟಿ’ ಎಂಬ ಪ್ರವಾಸದ ಸಾಲವಿದೆಯಲ್ಲ, ಅದನ್ನು ನಾನು ಸಹಿಸಲಾರೆ. ಬಡ್ಡಿಯಿಲ್ಲದ ಕಂತು ಅನ್ನುತ್ತಾರೆ. ಬಡ್ಡಿ ಇದೆ. ಅದನ್ನು ರಿಯಾಯಿತಿ ಎಂಬ ಹೆಸರಲ್ಲಿ ಅತ್ತ ತೋರಿಸಿ ಇತ್ತ ವಸೂಲಿ ಮಾಡುತ್ತಾರೆ, ಆ ಬಡ್ಡಿಯ ಮೇಲೆ ಜಿಎಸ್‌ಟಿ ನಿಮ್ಮದೇ, ಪ್ರೊಸೆಸಿಂಗ್ ಶುಲ್ಕ ನಿಮ್ಮದೇ. ಒಟ್ಟಿಗೆ ದುಡ್ಡು ಕೊಟ್ಟವನಿಗೆ ಸಿಗುವ ಕಡಿತ ನಿಮಗೆ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಕಂತು ತಿಂಗಳಿಗೊಮ್ಮೆ ಬರುತ್ತದೆ, ಕೊಬ್ಬರಿ ತಿಂಗಳಿಗೊಮ್ಮೆ ಬರುವುದಿಲ್ಲ. ಪ್ರತಿ ತಿಂಗಳ ಐದನೇ ತಾರೀಖಿಗೆ ಒಂದೊಂದು ಚೀಲ ಯಾವ ಬೆಲೆಗಾದರೂ ಸರಿ ಎಂದು ಇಳಿಸುತ್ತೀರಿ. ನಾವು ಜನವರಿಯಲ್ಲಿ ಒಮ್ಮೆ ಮಾಡಿದ್ದನ್ನು ನೀವು ಹನ್ನೆರಡು ಸಲ ಮಾಡುತ್ತೀರಿ. ಸಂಬಳದವರಿಗೆಂದು ಹೊಲಿದ ಅಂಗಿಯನ್ನು ತೋಟದವನಿಗೆ ತೊಡಿಸುವ ಈ ಕೆಲಸ ನಿಲ್ಲಬೇಕು.

ಅಭ್ಯಾಸದ ಮಾತು ಒಂದಿದೆ, ಹೇಳಿಬಿಡುತ್ತೇನೆ. ಬೆಲೆ ಏರಿದ ವರ್ಷ ಕಾರು, ಮನೆಯ ಮೇಲೆ ಮನೆ, ಒಡವೆ. ಇಳಿದ ವರ್ಷ ತೋಟಕ್ಕೆ ಗೊಬ್ಬರವಿಲ್ಲ. ನುಸಿ ಬಂದಾಗ, ಹೇಮಾವತಿ ನಾಲೆ ಒಣಗಿದಾಗ, ಮರಗಳು ಸೊರಗಿದ್ದನ್ನು ಕಂಡ ತಲೆಮಾರು ನಾವು. ಮಕ್ಕಳಿಗೆ ಹೇಳಿಕೊಡಲಿಲ್ಲ. ಏರಿದ ವರ್ಷದ ದುಡ್ಡಿನಲ್ಲಿ ಮೊದಲ ಪಾಲು ತೋಟದ ಎರಡು ವರ್ಷದ ಖರ್ಚಿಗೆ ತೆಗೆದಿಡಬೇಕು. ಅದಾದ ಮೇಲೆ ಸಂತೋಷಕ್ಕೆ ಒಂದು ಪಾಲು, ಅದನ್ನು ಹೆಂಡತಿಯ ಹೆಸರಿನ ಬೇರೆ ಖಾತೆಯಲ್ಲಿ. ಸಂತೋಷಕ್ಕೆ ದುಡ್ಡು ಇಡುವುದನ್ನು ದುಂದು ಎಂದು ನಮ್ಮ ಕಡೆ ಮೂಗು ಮುರಿಯುತ್ತಾರೆ. ಮದುವೆಯ ಊಟಕ್ಕೆ ಎಂಟು ಲಕ್ಷ ಸುರಿಯುವವರು ಶಗಾಲ್ ನೋಡಲು ಹೋಗುವ ಹೆಂಗಸಿಗೆ ಬುದ್ಧಿ ಹೇಳುವ ಅಗತ್ಯವಿಲ್ಲ.

ಈಗ ಕೇಳುವವರಿಗೆ ನಾನು ಹೇಳುವ ಕ್ರಮ ಹೀಗಿದೆ. ಬೆಲೆ ನಿಮಗೆ ಒಪ್ಪಿದಾಗ ಮಾರಿ. ಆ ದುಡ್ಡನ್ನು ಬ್ಯಾಂಕಿನಲ್ಲಿ ಆರು ತಿಂಗಳಾದರೂ ಮಲಗಿಸಿ. ಆಮೇಲೆ ವಿಮಾನ ನೋಡಿ. ಇದರಿಂದ ವೀಸಾಕ್ಕೂ ಅನುಕೂಲ: ಷೆಂಗೆನ್ ಅರ್ಜಿಯ ಜೊತೆ ಕಳೆದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಕು, ಸಂಬಳದ ಚೀಟಿ ಇಲ್ಲದ ನಮ್ಮಂಥವರ ಅರ್ಜಿಯಲ್ಲಿ ಅದೇ ಮುಖ್ಯ ಸಾಕ್ಷಿ. ಹೋದ ವಾರ ಒಮ್ಮೆಗೇ ಬಂದು ಬಿದ್ದ ನಾಲ್ಕು ಲಕ್ಷಕ್ಕೆ ‘ಇದು ಎಲ್ಲಿಂದ?’ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಅರ್ಜಿಗೆ ಮಂಡಿಯ ಬಿಲ್ಲು, ಇಬ್ಬರ ಪಹಣಿ, ಅವುಗಳ ಇಂಗ್ಲಿಷ್ ಅನುವಾದ, ನನ್ನ ಪಿಂಚಣಿಯ ಪುಸ್ತಕ ಎಲ್ಲ ಸೇರಿಸಿ ಕೊಟ್ಟೆವು. ಮಂಡಿಯ ಬಿಲ್ಲನ್ನು ಹರಿದೆಸೆಯುವ ಅಭ್ಯಾಸವಿದ್ದವರು ಈ ಹಂಗಾಮಿನಿಂದಲೇ ಅದನ್ನು ಬಿಡಿ, ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.