ಎಚ್ಚರವಾಗಿರುವ ದೇವರು: ವಸಂತ ಮತ್ತು ತಪಸ್ಸುಕಾಲ



ಡಿಸೆಂಬರ್, ಜನವರಿಯಲ್ಲಿ ನೀಲಗಿರಿಯ ತಗ್ಗುಗಳಲ್ಲಿ ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಚಹಾದ ಚಿಗುರು ಸುಟ್ಟಂತೆ ಕಪ್ಪಾಗುತ್ತದೆ. ತೋಟದ ಕೂಲಿಯನ್ನೋ ಆಲೂಗಡ್ಡೆ ಬೆಳೆಯನ್ನೋ ನಂಬಿದ ಮನೆಗಳಿಗೆ ಚಳಿ ಹೊಟ್ಟೆಯ ಪ್ರಶ್ನೆ. ಚಳಿ ಕಳೆದು ವಸಂತ ಬರುವ ಹೊತ್ತಿಗೇ ನಾವು ತಪಸ್ಸುಕಾಲವನ್ನೂ ಆಚರಿಸುತ್ತೇವೆ. ಈ ಋತುವಿನ ಮೂಲಕ ದೇವರು ನಮಗೆ ಏನು ಹೇಳುತ್ತಾರೆಂದು ಪವಿತ್ರ ಗ್ರಂಥದಲ್ಲಿ ನೋಡೋಣ.

1. ಬಾದಾಮಿಯ ರೆಂಬೆ

ಪ್ರವಾದಿ ಯೆರೆಮೀಯನನ್ನು ಕರೆದಾಗ ದೇವರು ಅವನಿಗೆ ಮೊದಲು ತೋರಿಸಿದ್ದು ಬಾದಾಮಿ ಮರದ ಒಂದು ರೆಂಬೆ (ಯೆರೆಮೀಯ 1:11-12). ಇಸ್ರಯೇಲ್ ನಾಡಿನಲ್ಲಿ ಚಳಿ ಪೂರ್ತಿ ಕಳೆಯುವ ಮೊದಲೇ, ಎಲೆ ಮೂಡುವುದಕ್ಕೂ ಮುಂಚೆ ಹೂಬಿಡುವ ಮರ ಅದು. ಹಿಬ್ರೂ ಭಾಷೆಯಲ್ಲಿ ಬಾದಾಮಿಗೆ 'ಶಾಕೇದ್' ಎನ್ನುತ್ತಾರೆ. 'ಶೋಕೇದ್' ಎಂದರೆ ಎಚ್ಚರವಾಗಿದ್ದು ಕಾಯುವವನು. ಕೊಟ್ಟ ಮಾತು ನೆರವೇರುವ ತನಕ ತಾನು ಎಚ್ಚರವಾಗಿರುವುದಾಗಿ ದೇವರು ಈ ಎರಡು ಪದಗಳ ಮೂಲಕ ಪ್ರವಾದಿಗೆ ತಿಳಿಸಿದರು.

ನಮ್ಮ ಕಾಡಂಚಿನ ಮುತ್ತುಗವೂ ಹಾಗೆಯೇ. ಮಳೆಗೆ ಮುಂಚೆ, ಎಲೆಯಿಲ್ಲದ ಕೊಂಬೆಯಲ್ಲಿ ಕೆಂಪಗೆ ಅರಳುತ್ತದೆ. ಬೋಳಾಗಿ ಕಂಡ ಕೊಂಬೆಯೊಳಗೆ ಹೂವಿನ ಸಿದ್ಧತೆ ನಡೆದೇ ಇತ್ತು. ನಮ್ಮ ಕಣ್ಣಿಗೆ ಏನೂ ಕಾಣದ ತಿಂಗಳುಗಳಲ್ಲೂ ದೇವರು ಮಲಗಿರಲಿಲ್ಲ. ವಸಂತದ ಮೊದಲ ಪಾಠ ಇದು.

2. ಚಳಿಯಲ್ಲಿ ನಡೆದ ಯೇಸುಸ್ವಾಮಿ

ದೇವಾಲಯದ ಪ್ರತಿಷ್ಠಾಪನೆಯ ಹಬ್ಬದಲ್ಲಿ ಯೇಸು ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದರು. ಅದು ಚಳಿಗಾಲ ಎಂದು ಸಂತ ಯೊವಾನ್ನರು ಗುರುತಿಸಿದ್ದಾರೆ (ಯೊವಾನ್ನ 10:22-23). ಅಂದೇ ಜನರು ಅವರ ಮೇಲೆ ಎಸೆಯಲು ಕಲ್ಲೆತ್ತಿಕೊಂಡರು. ಮುಂದೆ ವಸಂತ ಬಂತು, ಪಾಸ್ಖ ಹಬ್ಬ ಬಂತು. ಆ ವಸಂತ ಮೊದಲು ತಂದದ್ದು ಶಿಲುಬೆಯನ್ನು. ಕಾಳು ಮಣ್ಣಿನಲ್ಲಿ ಸಾಯದೆ ಫಲವಿಲ್ಲ ಎಂದು ಅವರೇ ಕಲಿಸಿದ್ದರು (ಯೊವಾನ್ನ 12:24). ನಮ್ಮ ಚಳಿ ಅವರಿಗೆ ಹೊಸದಲ್ಲ.

3. ಮೊದಲ ಸಿವುಡು

ಇಸ್ರಯೇಲರು ಈಜಿಪ್ಟಿನ ದಾಸ್ಯದಿಂದ ಹೊರಟದ್ದು 'ಅಬೀಬ್' ತಿಂಗಳಲ್ಲಿ (ವಿಮೋಚನಾಕಾಂಡ 13:4). ಹಸಿರು ತೆನೆ ಎಂಬುದು ಆ ಹೆಸರಿನ ಅರ್ಥ. ಸುಗ್ಗಿಯ ಮೊದಲ ಸಿವುಡನ್ನು ಅವರು ದೇವರಿಗೆ ಅರ್ಪಿಸಬೇಕಿತ್ತು (ಯಾಜಕಕಾಂಡ 23:10-11). ಪುನರುತ್ಥಾನರಾದ ಕ್ರಿಸ್ತರನ್ನು ಸಂತ ಪೌಲರು ಪ್ರಥಮ ಫಲ ಎಂದು ಕರೆಯುವುದು ಇದೇ ಅರ್ಥದಲ್ಲಿ (1 ಕೊರಿಂಥ 15:20). ಮೊದಲ ಸಿವುಡು ಬಂದರೆ ಉಳಿದ ಹೊಲವೂ ಕೊಯ್ಲಿಗೆ ಬರುತ್ತದೆಂದು ರೈತರಿಗೆ ಗೊತ್ತು. ನಮ್ಮ ಸಮಾಧಿಗಳಲ್ಲಿ ಮಲಗಿರುವ ಹಿರಿಯರು, ನಾವು ಮಣ್ಣು ಹಾಕಿ ಬಂದ ಮಕ್ಕಳು ಆ ಉಳಿದ ಹೊಲ.

4. ಸ್ವಾಗತಿಸುವುದು ಹೇಗೆ?

ಪರಮಗೀತೆಯ ನಲ್ಲ ಚಳಿ ಕಳೆಯಿತೆಂದು ಸುದ್ದಿ ಹೇಳಿ ಸುಮ್ಮನಾಗುವುದಿಲ್ಲ. ಎದ್ದು ಹೊರಗೆ ಬರುವಂತೆ ನಲ್ಲೆಯನ್ನು ಕರೆಯುತ್ತಾನೆ (ಪರಮಗೀತೆ 2:10-13). ಹೂವು ಅರಳಿಸುವುದು ದೇವರ ಕೆಲಸ. ಬಾಗಿಲು ತೆರೆದು ಹೊರಬರುವುದು ನಮ್ಮದು.

ಮೊದಲನೆಯದು, ಪಾಪನಿವೇದನೆ. ತಮಿಳು, ಮಲಯಾಳ, ಕನ್ನಡ ಕೂಡಿರುವ ನಮ್ಮ ಧರ್ಮಪ್ರಾಂತ್ಯದಲ್ಲಿ ಭಾಷೆಯ ಅಳುಕಿನಿಂದ ವರ್ಷಗಟ್ಟಲೆ ದೂರ ಉಳಿದ ಹಿರಿಯರಿದ್ದಾರೆ. ಮನಸ್ಸಿನ ನೋವು ತಾಯ್ನುಡಿಯಲ್ಲೇ ಬಾಯಿಗೆ ಬರುತ್ತದೆ. ಕನ್ನಡ ಬಲ್ಲ ಗುರುಗಳು ಯಾವಾಗ ಸಿಗುತ್ತಾರೆಂದು ವಿಚಾರಿಸಿ, ಅವರನ್ನು ಕರೆದುಕೊಂಡು ಬರೋಣ.

ಎರಡನೆಯದು, ರಾಜಿ. ಜಮೀನಿನ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಪೂಜೆಯಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಾರೆ. ಪಾಸ್ಖ ಜಾಗರಣೆಯ ಮೇಣದಬತ್ತಿ ಹಚ್ಚುವ ಮೊದಲು ಒಬ್ಬರಾದರೂ ಎದ್ದು ಇನ್ನೊಬ್ಬರ ಮನೆಗೆ ಹೋಗಲಿ.

ಮೂರನೆಯದು, ಇನ್ನೂ ಚಳಿಯಲ್ಲಿರುವವರ ಜೊತೆ ಕೂರುವುದು. ಸಾವಿನ ಮನೆಯಲ್ಲಿ ವಸಂತದ ಉಪದೇಶ ಬೇಡ. ಒಂದು ಲೋಟ ಕಾಫಿ, ಒಂದು ಜಪಸರ ಸಾಕು. ಅಲ್ಲಿ ದೇವರು ಎಚ್ಚರವಾಗಿದ್ದಾರೆ, ನಾವೂ ಇರೋಣ.

ಚಿಂತನೆಗೆ

* ನಮ್ಮ ಮನೆಯಲ್ಲಿ ಇನ್ನೂ ಕಳೆಯದ ಚಳಿ ಯಾವುದು?
* ಈ ಪಾಸ್ಖಕ್ಕೆ ಮುಂಚೆ ಯಾರ ಮನೆಯ ಬಾಗಿಲು ತಟ್ಟಬೇಕು?

ಪ್ರಾರ್ಥನೆ: ಎಚ್ಚರವಾಗಿರುವ ತಂದೆಯೇ, ನಮ್ಮ ಬೋಳು ಕೊಂಬೆಗಳನ್ನು ನೀವು ಮರೆತಿಲ್ಲ. ನೀವು ಕರೆದಾಗ ಎದ್ದು ಬರುವ ಮನಸ್ಸನ್ನು ನಮಗೆ ಕೊಡಿರಿ. ಆಮೆನ್.