ತಿಪ್ಪೆಯ ಸಾರ ಎಲ್ಲಿಗೆ ಹೋಗುತ್ತದೆ?



ಜೋರು ಮಳೆ ನಿಂತ ಮೇಲೆ ನಿಮ್ಮ ತಿಪ್ಪೆಯ ಬುಡ ನೋಡಿ. ಕಾಫಿ ಡಿಕಾಕ್ಷನ್ ಬಣ್ಣದ ನೀರು ಹರಿಯುತ್ತಿರುತ್ತದೆ. ಅದು ಬರೀ ಕೊಳೆ ನೀರಲ್ಲ, ನಿಮ್ಮ ಗೊಬ್ಬರದ ಸತ್ವ. ಅದಕ್ಕೆ ಎರಡು ದಾರಿ.

ಒಂದು, ಕೆಳಕ್ಕೆ. ಹಸುವಿನಿಂದ ಹೊರಬರುವ ಸಾರಜನಕದಲ್ಲಿ ಸುಮಾರು ಅರ್ಧ ಗಂಜಲದಲ್ಲೇ ಇರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಬೇರು ಹೀರಿ ಮಿಕ್ಕಿದ್ದು ಮಳೆನೀರಿನ ಜೊತೆ ಇಳಿದು ಬಾವಿ, ಬೋರ್‌ವೆಲ್ ಸೇರುತ್ತದೆ. ನಮ್ಮ ಸೀಮೆಯ ಕೆಂಪು ಮಣ್ಣು ನೀರನ್ನು ಬೇಗ ಇಳಿಸುತ್ತದೆ. ಅಡಿಯಲ್ಲಿ ಬಿರುಕು ಬಿಟ್ಟ ಬಂಡೆ.

ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಮೀರಿದರೆ ಮುಖ್ಯವಾಗಿ ಆರು ತಿಂಗಳೊಳಗಿನ ಕೂಸಿಗೆ ಅಪಾಯ. ರಕ್ತ ಆಮ್ಲಜನಕ ಒಯ್ಯಲಾರದೆ ಮಗು ನೀಲಿಗಟ್ಟಬಹುದು. ಕುದಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಬೋರ್ ನೀರಿನಲ್ಲಿ ಕೂಸಿಗೆ ಹಾಲಿನ ಪುಡಿ ಕಲಸುವ ಮನೆಯವರು ನೀರಿನ ಪರೀಕ್ಷೆ ಮಾಡಿಸಲೇಬೇಕು.

ಇನ್ನೊಂದು ದಾರಿ, ಪಕ್ಕಕ್ಕೆ. ರಂಜಕ ಮಣ್ಣಿಗೆ ಅಂಟಿಕೊಂಡಿರುತ್ತದೆ. ಮಣ್ಣು ಕೊಚ್ಚಿಹೋದರೆ ಅದೂ ಹೋಯಿತು. ಕೆರೆ ಸೇರಿ ಪಾಚಿ, ಕಳೆ ಬೆಳೆಸುತ್ತದೆ. ಅವು ಕೊಳೆತಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ.

ಹಿನಕಲ್‌ನಂಥ ಊರಲ್ಲಿ ತೊಡಕೇ ಬೇರೆ. ಹುಣಸೂರು ರಸ್ತೆಯ ಆಚೀಚೆ ಹೊಲಗಳು ಸೈಟುಗಳಾದವು. ಹಸು ಇದೆ, ಗೊಬ್ಬರ ಹಾಕಲು ಹೊಲವಿಲ್ಲ. ದೊಡ್ಡ ಹಸು ದಿನಕ್ಕೆ 15ರಿಂದ 20 ಕೆ.ಜಿ. ಸಗಣಿ ಹಾಕುತ್ತದೆ; ಎರಡಿದ್ದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಟನ್. ಚರಂಡಿಗೆ ತೊಳೆದುಬಿಡುವುದು ಸುಲಭ, ನಿಜ. ಆ ಚರಂಡಿಯ ಕೊನೆಗೂ ಯಾವುದೋ ಕೆರೆ, ಹಳ್ಳ ಇದ್ದೇ ಇರುತ್ತದೆ.

ಅದಕ್ಕೆ, ಮೊದಲು ಸಗಣಿ ಬಾಚಿ ತೆಗೆದು ಆಮೇಲೆ ಕೊಟ್ಟಿಗೆ ತೊಳೆಯಿರಿ. ಹಸು ತಿಂದು ಬಿಟ್ಟ ರಾಗಿ ಹುಲ್ಲು, ತರಗು ಹಾಸಿದರೆ ಗಂಜಲ ಹೀರಿಕೊಳ್ಳುತ್ತದೆ. ತಿಪ್ಪೆ ಬಾವಿಯಿಂದ ದೂರ, ಅದಕ್ಕಿಂತ ತಗ್ಗಿನಲ್ಲಿರಲಿ. ನೆಲ ದಮ್ಮಸು ಮಾಡಿ, ಸುತ್ತ ಒಂದು ಬದು ಹಾಕಿ, ಮೇಲೆ ಶೀಟು ಹೊದಿಸಿ. ಗರಿ ಚಪ್ಪರ ಬಿಸಿಲಿಗಾಯಿತು, ಮಳೆಗೆ ಸೋರುತ್ತದೆ. ಹೊಲವಿರುವವರು ಬಿತ್ತನೆಗೆ ಮುಂಚೆ ಹರಡಿ, ಅಂದೇ ಉಳುಮೆಯಲ್ಲಿ ಸೇರಿಸಿ. ಇಲ್ಲದವರು ಕೊಳೆತ ಗೊಬ್ಬರವನ್ನು ತೋಟದವರಿಗೆ ಮಾರಬಹುದು. ಗೋಬರ್ ಗ್ಯಾಸ್ ಇದ್ದವರೂ ಎಚ್ಚರ: ಉರಿಯುವುದು ಅನಿಲ ಮಾತ್ರ, ಸಾರಜನಕ, ರಂಜಕ ಬಗ್ಗಡದಲ್ಲೇ ಉಳಿದಿರುತ್ತವೆ.

ಒಂದೇ ಮೂಲೆಗೆ ವರ್ಷವಿಡೀ ಸಗಣಿ ನೀರು ಬಿಟ್ಟು ಅಲ್ಲಿ ಮೇವಿನ ಜೋಳ ಬೆಳೆಯುವವರಿದ್ದೀರಿ. ಮಳೆ ಕೈಕೊಟ್ಟು ಬಾಡಿದ ಜೋಳದ ದಂಟಿನ ಬುಡದಲ್ಲಿ ನೈಟ್ರೇಟ್ ತುಂಬಿರಬಹುದು. ಅದನ್ನು ಹಸಿದ ಹಸುವಿಗೆ ಒಮ್ಮೆಲೇ ಹಾಕಬೇಡಿ. ಮೇವು ತಿಂದ ಹಸು ಏದುಸಿರು ಬಿಟ್ಟು ತೂರಾಡಿದರೆ ಕಾಯದೆ ಪಶುವೈದ್ಯರನ್ನು ಕರೆಸಿ.